ಕೋವಿಗಿಂತ ಮೊದಲು ಬಲೆ: ಪಾರಿವಾಳದ ಬೇಟೆಗೆ ಹೊಸಬರು ಕೊಳ್ಳಬೇಕಾದ ಸಾಮಾನು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹೊಲಗಳಲ್ಲಿ ಪಾರಿವಾಳದ ಬೇಟೆ ಕಲಿಯಬೇಕೆನ್ನುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ಕೋವಿ ಕೊಳ್ಳಲಿ? ಆ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳುವುದೇ ಇವತ್ತಿನ ಉಪನ್ಯಾಸದ ಉದ್ದೇಶ. ಹಕ್ಕಿಯನ್ನು ಈಡಿನ ದೂರಕ್ಕೆ ತಂದುಕೊಡುವುದು ಕೋವಿಯಲ್ಲ. ಅಡಗಿ ಕೂರಲು ಕಟ್ಟುವ ಬಲೆ, ಹಕ್ಕಿಯನ್ನು ಸೆಳೆಯುವ ನಕಲಿ ಹಕ್ಕಿ ಅಂದರೆ ದೀಮ, ಮತ್ತು ಕೂರಲು ಆರಿಸಿಕೊಂಡ ಜಾಗ ಆ ಕೆಲಸ ಮಾಡುತ್ತವೆ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಕೊಂಡದ್ದನ್ನೆಲ್ಲ ನೀವೇ ಹೊತ್ತುಕೊಂಡು, ಬೂಟಿಗೆ ಕೆಸರು ಮೆತ್ತುವ ಹೊಲದಲ್ಲಿ ಅರ್ಧ ಕಿಲೋಮೀಟರ್ ನಡೆಯಬೇಕು. ಅಂಗಡಿಯಲ್ಲಿ ಯಾವ ವಸ್ತು ಕೈಗೆತ್ತಿಕೊಂಡರೂ ಇದು ನೆನಪಿರಲಿ.

ಇಲ್ಲಿ ಪಾರಿವಾಳ ಅಂದರೆ ವುಡ್‌ಪಿಜನ್. ನಮ್ಮ ಊರಿನ ಕಟ್ಟಡಗಳ ಸಜ್ಜೆಯ ಮೇಲೆ ಗುಟುರು ಹಾಕುವ ಪಾರಿವಾಳ ಬೇರೆ. ಇದು ಸುಮಾರು ಅರ್ಧ ಕೆಜಿ ತೂಗುವ ದಪ್ಪ ಹಕ್ಕಿ. ಬಲಿತ ಹಕ್ಕಿಯ ಕತ್ತಿನ ಎರಡೂ ಪಕ್ಕ ಬಿಳಿ ಮಚ್ಚೆ, ಹಾರುವಾಗ ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟೆ. ಚಳಿಗಾಲದಲ್ಲಿ ಸಾಸಿವೆಯ ಸೋದರ ಬೆಳೆಯಾದ ರೇಪ್‌ನ ಎಲೆ, ವಸಂತದಲ್ಲಿ ಬಿತ್ತಿದ ಬಟಾಣಿ, ಬೇಸಿಗೆಯಲ್ಲಿ ಗಾಳಿಮಳೆಗೆ ಮಲಗಿದ ಗೋಧಿ, ಕೊಯ್ಲಿನ ಮೇಲೆ ಕೂಳೆಯಲ್ಲಿ ಉದುರಿದ ಕಾಳು, ಹೀಗೆ ವರ್ಷವಿಡೀ ರೈತನ ಹೊಲದಲ್ಲೇ ಇದರ ಊಟ. ಇದರ ಜೊತೆಗೆ ಸ್ಟಾಕ್ ಡವ್ ಎಂಬ, ಸ್ವಲ್ಪ ಚಿಕ್ಕದಾದ ಇನ್ನೊಂದು ಹಕ್ಕಿ ಬರುತ್ತದೆ. ಅದಕ್ಕೆ ಹೊಡೆಯುವಂತಿಲ್ಲ. ಕತ್ತಿನ ಮಚ್ಚೆಯನ್ನೇ ನಂಬಿದರೆ ಎಡವುತ್ತೀರಿ, ಏಕೆಂದರೆ ವುಡ್‌ಪಿಜನ್ ಮರಿಗಳಿಗೂ ಆ ಮಚ್ಚೆ ಮೂಡಿರುವುದಿಲ್ಲ. ರೆಕ್ಕೆಯ ಬಿಳಿ ಪಟ್ಟೆ ಕಂಡರೆ ಮಾತ್ರ ಕೋವಿ ಎತ್ತಿ. ಪಂದ್ಯದ ಪಾರಿವಾಳಗಳಂತೂ ಯಾರದೋ ಸ್ವತ್ತು.

ಕಾನೂನಿನ ಮಾತು ಚಿಕ್ಕದಾಗಿ. 1981ರ ವನ್ಯಜೀವಿ ಕಾಯ್ದೆಯಡಿ ಇಲ್ಲಿ ಎಲ್ಲ ಕಾಡುಹಕ್ಕಿಗಳಿಗೂ ರಕ್ಷಣೆಯಿದೆ. ಬೆಳೆಗೆ ಗಂಭೀರ ಹಾನಿ ತಡೆಯಲು ವುಡ್‌ಪಿಜನ್ ಹೊಡೆಯುವುದಕ್ಕೆ ಇಂಗ್ಲೆಂಡಿನಲ್ಲಿರುವುದು ಜಿಎಲ್ 42 ಎಂಬ ಸಾಮಾನ್ಯ ಪರವಾನಗಿ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಷರತ್ತುಗಳನ್ನು ಓದಿ ಪಾಲಿಸಬೇಕು. ಸ್ಕಾಟ್ಲೆಂಡ್, ವೇಲ್ಸ್‌ಗಳ ಪರವಾನಗಿ ಬೇರೆ. ಹೊಲದ ಒಡೆಯನ ಅನುಮತಿ ಬರಹದಲ್ಲಿರಲಿ. ಕೋವಿಗೆ ಪೊಲೀಸರು ಕೊಡುವ ಶಾಟ್‌ಗನ್ ಸರ್ಟಿಫಿಕೇಟ್ ಬೇಕು, ಅದರ ಅವಧಿ 5 ವರ್ಷ. ಸರ್ಟಿಫಿಕೇಟ್ ಕೈಗೆ ಬರುವ ಮುನ್ನ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟು ಮನೆಯಲ್ಲಿರಬೇಕು. ಅದರ ಕೀಲಿ ನಿಮ್ಮ ಹೊರತು ಯಾರಿಗೂ, ಹೆಂಡತಿಗಾಗಲಿ ಗಂಡನಿಗಾಗಲಿ, ಸಿಗುವಂತಿರಬಾರದು. ಹಾಗಾಗಿ ನಿಮ್ಮ ಮೊದಲ ಖರೀದಿ ಈ ಕಪಾಟೇ. ಎರಡು ಕೋವಿ ಹಿಡಿಸುವ ಅಳತೆಯದು ತೆಗೆದುಕೊಳ್ಳಿ, ಎರಡನೆಯದು ಬಂದೇ ಬರುತ್ತದೆ! ಊರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು: ಭಾರತದಲ್ಲಿ 1972ರ ಕಾಯ್ದೆಯಡಿ ಬೇಟೆ ನಿಷಿದ್ಧ. ಇಲ್ಲಿ ಹೇಳುವುದು ಅಲ್ಲಿಗೆ ಅನ್ವಯಿಸುವುದಿಲ್ಲ.

ಅರ್ಜಿ ಪೊಲೀಸರ ಕೈಯಲ್ಲಿರುವಾಗ ಸುಮ್ಮನೆ ಕೂರಬೇಡಿ, ಒಂದು ದುರ್ಬೀನು ಕೊಳ್ಳಿ. 8×40ರ ಸಾಧಾರಣದ್ದೇ ಸಾಕು. ಹಕ್ಕಿಗಳು ಯಾವ ಮರದ ಸಾಲಿನಿಂದ ಏಳುತ್ತವೆ, ಯಾವ ಬೇಲಿಯ ಗೆರೆ ಹಿಡಿದು ಬರುತ್ತವೆ, ಹೊಲದ ಯಾವ ಮೂಲೆಗೆ ಇಳಿಯುತ್ತವೆ, ಇದನ್ನು ಎರಡು ಮೂರು ದಿನ ರಸ್ತೆಯ ಅಂಚಿನಿಂದ ನೋಡಿ. ಹಕ್ಕಿ ಬಾರದ ಮೂಲೆಯಲ್ಲಿ ಕೂತವನಿಗೆ ಎಷ್ಟು ಬೆಲೆಬಾಳುವ ಕೋವಿಯೂ ಊರುಗೋಲಷ್ಟೇ.

ಈಗ ಮರೆ. 4 ಮೀಟರ್ ಉದ್ದ, 1.5 ಮೀಟರ್ ಎತ್ತರದ ಮರೆಬಲೆ ಎರಡು ಬೇಕು. ಒಂದು ಮುಂದಕ್ಕೆ, ಇನ್ನೊಂದು ಪಕ್ಕಕ್ಕೂ ಹಿಂದಕ್ಕೂ. ಬಣ್ಣ ಹೊಲಕ್ಕೆ ಹೊಂದಲಿ: ವಸಂತಕ್ಕೆ ಹಸಿರು, ಕೂಳೆಯ ಕಾಲಕ್ಕೆ ಒಣಹುಲ್ಲಿನ ಬಣ್ಣ. ಒಂದನ್ನೇ ಕೊಳ್ಳುವುದಾದರೆ ಕಂದು ಹೆಚ್ಚಿರುವುದನ್ನು ಆರಿಸಿ, ಬುಡಕ್ಕೆ ಅಲ್ಲಿಯದೇ ಹುಲ್ಲುಕಡ್ಡಿ ಸಿಕ್ಕಿಸಿ. ನೀಳ ಮಾಡಬಹುದಾದ ಕಂಬಗಳು 5 ಇರಲಿ. ಬುಡದಲ್ಲಿ ಕಾಲಿನಿಂದ ಒತ್ತಲು ಅಡ್ಡಪಟ್ಟಿ ಇರುವಂಥವನ್ನೇ ಕೇಳಿ. ಅದಿಲ್ಲದಿದ್ದರೆ ಬೇಸಿಗೆಯ ಗಟ್ಟಿ ನೆಲಕ್ಕೆ ಕಂಬ ಇಳಿಯುವುದಿಲ್ಲ, ಸುತ್ತಿಗೆ ಹೊತ್ತು ಹೋಗಬೇಕಾಗುತ್ತದೆ.

ಕಟ್ಟುವಾಗ ಹೊಸಬರು ಮಾಡುವ ತಪ್ಪು ಎತ್ತರದ್ದು. ಬಲೆಯನ್ನು ಎದೆಮಟ್ಟಕ್ಕೆ ಕಟ್ಟಿ ಮೇಲಿನಿಂದ ಇಣುಕುತ್ತಾರೆ. ಪಾರಿವಾಳದ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ಸುತ್ತಮುತ್ತ ಬಹುಪಾಲು ಅದಕ್ಕೆ ಕಾಣುತ್ತದೆ. ಬಲೆಯ ಮೇಲೆ ಏಳುವ ಬಿಳುಚಿದ ಮುಖವನ್ನು ಅದು 100 ಮೀಟರ್ ಆಚೆಯೇ ಹಿಡಿಯುತ್ತದೆ. ಕುಳಿತಾಗ ನಿಮ್ಮ ಕಣ್ಣು ಬಲೆಯ ಅಂಚಿಗಿಂತ ಒಂದು ಗೇಣು ಕೆಳಗಿರಲಿ, ಬಲೆಯ ಕಣ್ಣುಗಳ ನಡುವಿನಿಂದಲೇ ನೋಡಿ. ಬೆನ್ನ ಹಿಂದೆ ದಟ್ಟ ಬೇಲಿಯಿರಲಿ, ಬರಿ ಆಕಾಶವಿದ್ದರೆ ನೀವು ನೆರಳುಚಿತ್ರದಂತೆ ಎದ್ದು ಕಾಣುತ್ತೀರಿ. ಅಂಚುಳ್ಳ ಟೋಪಿ, ಮುಖಕ್ಕೆ ತೆಳು ಜಾಲರಿ, ಕೈಗೆ ತೆಳು ಕೈಗವಸು ಹಾಕಿಕೊಳ್ಳಿ. ದುಬಾರಿ ಮರೆಮಾಚು ಜಾಕೆಟ್ ಬೇಡ, ಮಾಸಿದ ಹಸಿರಂಗಿ ಸಾಕು. ಕೂರಲು ಮಡಚುವ ಸ್ಟೂಲು, ಅದರ ಎತ್ತರ ಮೊಣಕಾಲಿನಷ್ಟಿರಲಿ. ತಗ್ಗಿನದರಿಂದ ಏಳುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ದೀಮದ ವಿಷಯ. ತನ್ನ ಜಾತಿಯ ಪ್ರಾಣಿಯನ್ನೇ ಸೆಳೆಯಲು ಕಟ್ಟಿದ ಪಳಗಿದ ಪ್ರಾಣಿಗೆ ನಮ್ಮ ಹಳೆಯ ಬೇಟೆಯ ಮಾತಿನಲ್ಲಿ ದೀಮ ಎನ್ನುತ್ತಾರೆ. ಇಲ್ಲಿಯ ದೀಮ ಪ್ಲಾಸ್ಟಿಕ್ಕಿನದು. ಮೈ ಟೊಳ್ಳಾದ, ಒಂದರೊಳಗೊಂದು ಲೋಟದಂತೆ ಕೂರುವ ಚಿಪ್ಪಿನ ದೀಮ 12 ಇದ್ದರೆ ಆರಂಭಕ್ಕೆ ಧಾರಾಳ. ನುಣುಪು ಪ್ಲಾಸ್ಟಿಕ್ ಬೇಡ, ಇಬ್ಬನಿ ಬಿದ್ದೊಡನೆ ಅದು ಹೊಳೆಯುತ್ತದೆ. ಹೊಳೆಯುವ ಪಾರಿವಾಳವನ್ನು ಯಾವ ಪಾರಿವಾಳವೂ ಕಂಡಿಲ್ಲ. ಮೈಮೇಲೆ ಮಖಮಲ್ಲಿನಂಥ ನವಿರು ಪದರವಿರುವುದನ್ನು ಕೊಳ್ಳಿ. ಅದನ್ನು ಬಳುಕುವ ಕಡ್ಡಿಯ ಮೇಲೆ ಕೂರಿಸಿದರೆ ಗಾಳಿಗೆ ತೊನೆಯುತ್ತಾ ಮೇಯುವ ಹಕ್ಕಿಯಂತೆ ಕಾಣುತ್ತದೆ.

ಹೂಡುವುದು ಹೀಗೆ. ಪಾರಿವಾಳ ಗಾಳಿಗೆ ಎದುರಾಗಿ ಇಳಿಯುತ್ತದೆ, ಹಾಗಾಗಿ ಗಾಳಿ ನಿಮ್ಮ ಬೆನ್ನಿಗಿರಲಿ, ಇಲ್ಲವೇ ಪಕ್ಕದಿಂದ ಬೀಸಲಿ. ಮರೆಯಿಂದ 20 ಮೀಟರ್ ದೂರದಲ್ಲಿ ಶುರುಮಾಡಿ ಕುದುರೆಲಾಳದ ಆಕಾರದಲ್ಲಿ ದೀಮಗಳನ್ನು ಇಡಿ. ಲಾಳದ ಬಾಯಿ ಗಾಳಿ ಹೋಗುವ ದಿಕ್ಕಿಗೆ ತೆರೆದಿರಲಿ, ನಡುವಿನ ಖಾಲಿ ಜಾಗವೇ ಹಕ್ಕಿ ಇಳಿಯುವ ಕಣ. ಒಂದಕ್ಕೊಂದು 1ರಿಂದ 2 ಮೀಟರ್ ಅಂತರ, ಅದೂ ಅಳತೆ ಹಿಡಿದಂತೆ ಬೇಡ. ಮೂತಿ ಹೆಚ್ಚುಕಡಿಮೆ ಗಾಳಿಯ ಕಡೆಗಿರಲಿ, ಆದರೆ ಎಲ್ಲವೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಕಡೆ ನೋಡಬಾರದು. ಕೊನೆಯ ದೀಮವನ್ನು 32 ಹೆಜ್ಜೆಗೆ ನೆಡಿ. ಅದರಾಚೆಯ ಹಕ್ಕಿಗೆ ಈಡಿಲ್ಲ, ಅದೇ ನಿಮ್ಮ ಗಡಿಕಲ್ಲು. ಹೊಡೆದ ಹಕ್ಕಿಯನ್ನೂ ದೀಮವಾಗಿ ಇಡಬಹುದು. ಬೋರಲು ಮಲಗಿಸಿ, ರೆಕ್ಕೆ ಮಡಚಿ, ಗದ್ದದಡಿ ಕಡ್ಡಿ ಕೊಟ್ಟು ತಲೆ ಎತ್ತಿಸಿ. ಅಂಗಾತ ಬಿದ್ದು ತಿಳಿಬಣ್ಣದ ಹೊಟ್ಟೆ ತೋರಿಸುವ ಒಂದೇ ಹಕ್ಕಿ ಸಾಕು, ಬರುವ ಹಿಂಡೆಲ್ಲ ತಿರುಗಿಬಿಡುತ್ತದೆ.

ಮೋಟಾರಿನಿಂದ ತಿರುಗುವ ಎರಡು ತೋಳಿನ ಯಂತ್ರವೊಂದಿದೆ, ಇಲ್ಲಿಯವರು ಮ್ಯಾಗ್ನೆಟ್ ಎನ್ನುತ್ತಾರೆ. ತೋಳುಗಳ ತುದಿಗೆ ಸತ್ತ ಹಕ್ಕಿ ಸಿಕ್ಕಿಸಿದರೆ ಇಳಿಯುತ್ತಿರುವ ಪಾರಿವಾಳದಂತೆ ಕಾಣುತ್ತದೆ. ಕೆಲಸ ಮಾಡುತ್ತದೆ ನಿಜ. ಆದರೆ 12 ವೋಲ್ಟ್ ಬ್ಯಾಟರಿಯೂ ಸೇರಿ ಭಾರ, ವೇಗ ಹೆಚ್ಚಾದರೆ ಹಕ್ಕಿ ಬೆದರುತ್ತದೆ, ಮೇಲಾಗಿ ಅದನ್ನು ಆಗಲೇ ನೋಡಿ ಪೆಟ್ಟು ತಿಂದ ಹೊಲದಲ್ಲಿ ಹಕ್ಕಿಗಳು ದೂರದಿಂದಲೇ ಹೊರಳುತ್ತವೆ. ಮೊದಲ ವರ್ಷ ಬೇಡ.

ಈಗ ಕೋವಿ. 12 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ, ಸಂಖ್ಯೆ ಏರಿದಷ್ಟು ನಳಿಗೆ ಸಣ್ಣದು), ಒಂದರ ಮೇಲೊಂದು ನಳಿಗೆಯ, 28 ಅಥವಾ 30 ಇಂಚಿನ, 3.2ರಿಂದ 3.4 ಕೆಜಿ ತೂಕದ ಹಳೆಯ ಕೋವಿ ಸಾಕು. ಹಗುರ ಕೋವಿ ಹೊರಲು ಸುಖ, ಹೊಡೆಯಲು ಕಷ್ಟ. 50 ಈಡು ಆಗುವಷ್ಟರಲ್ಲಿ ಭುಜ ನೀಲಿಗಟ್ಟಿರುತ್ತದೆ. ಆಟೊಮ್ಯಾಟಿಕ್ ಕೊಂಡರೆ ಅದರ ಮ್ಯಾಗಜೀನು 2 ತೋಟಾಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಜೊತೆಗೆ ಖಾಲಿ ತೋಟಾಗಳನ್ನು ಅದು ಗೋಧಿಯ ನಡುವೆ ಉಗಿಯುತ್ತದೆ. ಮೈಕಟ್ಟು ಸಣ್ಣದಿದ್ದವರು 20 ಬೋರ್ ಆರಿಸಿಕೊಳ್ಳಬಹುದು, ಒಂದೇ ಎಚ್ಚರದೊಂದಿಗೆ: ಎರಡು ಬೋರಿನ ತೋಟಾ ಒಂದೇ ಜೇಬಿನಲ್ಲಿ ಎಂದೂ ಬೇಡ. 12ರ ನಳಿಗೆಗೆ ಬಿದ್ದ 20ರ ತೋಟಾ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಈಡಾಗಲಿಲ್ಲವೆಂದು ಅದರ ಹಿಂದೆ 12ರದನ್ನು ತುಂಬಿ ಹೊಡೆದರೆ ನಳಿಗೆ ಒಡೆಯುತ್ತದೆ, ಮುಂದೆ ಹಿಡಿದ ಕೈಯೂ ಹೋಗುತ್ತದೆ. 20ರ ತೋಟಾ ಹಳದಿ ಬಣ್ಣದ್ದಾಗಿರುವುದು ಇದಕ್ಕೇ.

ಹಳೆಯ ಕೋವಿ ನೋಡುವಾಗ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಗಿನ ಹೊಳಪಿನ ಉಂಗುರಗಳು ಎಲ್ಲಾದರೂ ಮುರಿದು ಕಂಡರೆ ಅಲ್ಲಿ ತಗ್ಗು ಬಿದ್ದಿದೆ. ಮುಂದಿನ ಮರ ತೆಗೆದು, ನಳಿಗೆ ಮುಚ್ಚಿ ಅಲ್ಲಾಡಿಸಿ, ಕಟಕಟ ಎಂದರೆ ಸಂದು ಸವೆದಿದೆ. ತೋಟಾ ಕೂರುವ ಗೂಡಾದ ಚೇಂಬರಿನ ಅಳತೆ ಓದಿ. ಹಳೆಯ 65 ಮಿಮೀ ಚೇಂಬರಿಗೆ 70 ಮಿಮೀ ತೋಟಾ ಹಾಕಿದರೆ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿಗಳ ಬಲ ಪರೀಕ್ಷಿಸುವ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ, ಇಲ್ಲವೇ ಅದಕ್ಕೆ ಸಮನಾದ ಮುದ್ರೆ ಇರಲೇಬೇಕು. ಇನ್ನೊಂದು ಮುಖ್ಯ: ಬೇಟೆಯ ಸೀಸದ ಚರೆಯನ್ನು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳನ್ನು, ಹಂತಹಂತವಾಗಿ ನಿಲ್ಲಿಸುವುದಾಗಿ ಸರ್ಕಾರ 2025ರಲ್ಲಿ ಘೋಷಿಸಿದೆ. ಆದ್ದರಿಂದ ಉಕ್ಕಿನ ಚರೆ ತಡೆಯುವ ಕೋವಿಯನ್ನೇ ಕೊಳ್ಳಿ. ಲಿಲ್ಲಿ ಹೂವಿನ ಮುದ್ರೆ ಇದ್ದರೆ ಹೆಚ್ಚು ಶಕ್ತಿಯ ಉಕ್ಕಿನ ತೋಟಾಕ್ಕೂ ಅದು ಪರೀಕ್ಷೆಯಾಗಿದೆ ಎಂದರ್ಥ.

ಬ್ರಾಂಡಿಗಿಂತ ಮೈಗೆ ಹೊಂದುವುದು ದೊಡ್ಡದು. ಕಣ್ಣು ಮುಚ್ಚಿ ಕೋವಿಯನ್ನು ಕೆನ್ನೆಗೆ, ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ತೆರೆಯಿರಿ. ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ತುದಿಯ ಮಣಿ ಅದರ ನಡುವಿಗೆ ಕಂಡರೆ ಹೊಂದಿದೆ. ಪಟ್ಟಿ ಕಾಣದೆ ಕೋವಿಯ ಹಿಂಬದಿಯೇ ಕಂಡರೆ ಚರೆ ಹಕ್ಕಿಯ ಕೆಳಗೆ ಹೋಗುತ್ತದೆ. ಯಾವ ಕಣ್ಣು ಪ್ರಬಲ ಎಂಬುದನ್ನೂ ನೋಡಿಕೊಳ್ಳಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಒಂದೊಂದಾಗಿ ಮುಚ್ಚಿ. ಯಾವ ಕಣ್ಣಿಗೆ ಬೆರಳು ಕಂಬದ ಮೇಲೆಯೇ ನಿಂತಿದೆಯೋ ಅದು ಯಜಮಾನ. ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿದ್ದರೆ ಕನ್ನಡಕದ ಎಡ ಗಾಜಿಗೆ ಚೂರು ಟೇಪು ಅಂಟಿಸಿ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದು ಕೈ ಪಳಗಿದವರು ಇಲ್ಲಿ ಮೊದಮೊದಲು ತಪ್ಪುತ್ತಾರೆ. ನಿಂತ ಕಾಯಿಗೆ ಉಸಿರು ಬಿಗಿಹಿಡಿದು ಗುರಿಯಿಡಬೇಕು, ಹಾರುವ ಹಕ್ಕಿಗೆ ಕೋವಿ ಓಡುತ್ತಲೇ ಇರಬೇಕು, ನಿಲ್ಲಿಸಿದರೆ ಚರೆ ಬಾಲದ ಹಿಂದೆ.

ತೋಟಾ: 28ರಿಂದ 30 ಗ್ರಾಂ, 6ನೇ ನಂಬರ್ ಚರೆ. 28 ಗ್ರಾಂನಲ್ಲಿ ಸುಮಾರು 270 ಚರೆ ಇರುತ್ತವೆ. ನಂಬರ್ ಇಳಿದಷ್ಟು ಚರೆ ದಪ್ಪ. ಉಕ್ಕು ಹಗುರವಾದ್ದರಿಂದ ಎರಡು ನಂಬರ್ ದಪ್ಪ, ಅಂದರೆ 4. ಚೋಕ್, ಅಂದರೆ ನಳಿಗೆಯ ತುದಿಯ ಬಿಗಿತ, ಕ್ವಾರ್ಟರ್ ಸಾಕು, ಉಕ್ಕಿಗೆ ಹಾಫ್‌ಗಿಂತ ಬಿಗಿ ಬೇಡ. ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬೆಣೆ ಪ್ಲಾಸ್ಟಿಕ್ಕಿನದಾಗಿರಬಾರದು. ಅದು ಹೊಲದಲ್ಲಿ ಕೊಳೆಯದೆ ಉಳಿಯುತ್ತದೆ, ಮೇವಿನ ಜೊತೆ ದನದ ಬಾಯಿಗೂ ಹೋಗಬಹುದು. ಹೆಚ್ಚಿನ ರೈತರು ಮೊದಲು ಕೇಳುವುದೇ ಇದನ್ನು. ಒಂದು ದಿನಕ್ಕೆ 100 ತೋಟಾ ಸಾಕು. 250ರ ಪೆಟ್ಟಿಗೆ 10 ಕೆಜಿ ದಾಟುತ್ತದೆ, ಅದು ಕಾರಿನಲ್ಲೇ ಇರಲಿ.

ಕಿವಿರಕ್ಷೆ ಮೊದಲ ಈಡಿನಿಂದಲೇ ಬೇಕು, ಹೋದ ಕಿವಿ ಮರಳುವುದಿಲ್ಲ. ಬೇಲಿಯೆತ್ತರದಲ್ಲಿ ಹಾರುವ ಹಕ್ಕಿಗೆ ಹೊಡೆಯಬೇಡಿ. ಇಂಗ್ಲೆಂಡಿನ ಹೊಲಗಳ ನಡುವೆ ಸಾರ್ವಜನಿಕರ ಕಾಲುದಾರಿಗಳಿವೆ, ಚರೆ 200 ಮೀಟರ್ ದಾಟಿ ಬೀಳಬಲ್ಲದು. ಹಕ್ಕಿಯ ಹಿಂದೆ ಆಕಾಶ ಕಂಡರೆ ಮಾತ್ರ ಟ್ರಿಗರ್.

ಹಕ್ಕಿಗಳನ್ನು ತುಂಬಲು ಗಾಳಿಯಾಡುವ ಬಲೆಚೀಲ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ರಾಶಿ ಹಾಕಿದರೆ ಬೇಸಿಗೆಯ ಮಧ್ಯಾಹ್ನದಲ್ಲೇ ಹೊಟ್ಟೆ ಹಸಿರುಗಟ್ಟುತ್ತದೆ, ಎದೆಯ ಒಳ್ಳೆಯ ಮಾಂಸ ಕಸದ ಪಾಲಾಗುತ್ತದೆ. ಗಾಯಗೊಂಡು ಬಿದ್ದ ಹಕ್ಕಿಯನ್ನು ಕೂಡಲೇ ಹೋಗಿ ಮುಗಿಸಿ, ಮುಂದಿನದು ಬರುತ್ತಿದ್ದರೂ ಸರಿ. ಇನ್ನೊಂದು ಖಾಲಿ ಚೀಲ ಖಾಲಿ ತೋಟಾಗಳಿಗೆ. ಹೊರಡುವಾಗ ಕೋವಿ ಬರಿದಾಗಿದೆಯೇ ನೋಡಿ, ತೋಟಾ ಎಣಿಸಿ, ಆಮೇಲೆ ದೀಮ ಎಣಿಸಿ. ಹನ್ನೆರಡನೆಯದು ಸಾಮಾನ್ಯವಾಗಿ ಗಾಳಿಗೆ ಬಿದ್ದು ಸಾಲಿನ ನಡುವೆ ಬೋರಲಾಗಿರುತ್ತದೆ.