ಮಕ್ಕಳು ಕೊರೊನಾ ಆಟ ಆಡಿದರೆ ಬೈಬೇಕಾ?

ನಮಸ್ಕಾರ. ಇವತ್ತಿನ ಪ್ರಶ್ನೆ ನಮ್ಮ ವೀಕ್ಷಕರೊಬ್ಬರದು. ಲಾಕ್‌ಡೌನ್ ಟೈಮಲ್ಲಿ ಅವರ ಮಗಳು ಗೊಂಬೆಗೆ ಕೊರೊನಾ ಟೆಸ್ಟ್ ಮಾಡುತ್ತಿದ್ದಳಂತೆ. ಮೂಗಿಗೆ ಇಯರ್ ಬಡ್ ಹಿಡಿದು, “ಪಾಸಿಟಿವ್! ಹೊರಗೆ ಬರಬೇಡ” ಅಂತ ಮಂಚದ ಕೆಳಗೆ ತಳ್ಳುತ್ತಿದ್ದಳು. ಅಜ್ಜಿ ನೋಡಿ, “ಅಪಶಕುನ, ಬಿಡ್ತು ಅನ್ನು” ಅಂತ ಗದರಿದರು. ಅಜ್ಜಿ ಮಾಡಿದ್ದು ಸರಿನಾ?

[ಸ್ಕ್ರೀನ್ ಮೇಲೆ: ಮಾರ್ಚ್ 2020]

ಶಾಲೆ ಬಂದ್, ಪಾರ್ಕ್ ಬಂದ್, ಅದೆಲ್ಲ ನಿಮಗೆ ಗೊತ್ತಿರೋದೇ. ಒಂದು ಲೆಕ್ಕ ಮಾತ್ರ ಹೇಳ್ತೀನಿ. ಕರ್ನಾಟಕದಲ್ಲಿ ಅಂಗನವಾಡಿ ಬಾಗಿಲು ಮತ್ತೆ ತೆರೆಯಲು ಶುರುವಾಗಿದ್ದು 2021ರ ನವೆಂಬರ್ 8ಕ್ಕೆ. ಮೂರು ವರ್ಷದ ಮಗು ಅಷ್ಟು ಹೊತ್ತಿಗೆ ಐದರ ಹತ್ತಿರ ಬಂದಿತ್ತು. ನಮಗೆ ಅದು ಕೆಟ್ಟ ಕಾಲ. ಆ ಮಗುವಿಗೆ ಅಲ್ಲಿವರೆಗಿನ ಬದುಕಿನ ಮೂರನೇ ಒಂದು ಪಾಲು!

ಈಗ ಲಂಡನ್‌ಗೆ ಹೋಗೋಣ. ಎರಡನೇ ಮಹಾಯುದ್ಧ, ಮೇಲಿಂದ ಬಾಂಬ್ ಬೀಳುತ್ತಿದೆ. ಹೆಸರಾಂತ ಮನೋವೈದ್ಯ ಸಿಗ್ಮಂಡ್ ಫ್ರಾಯ್ಡ್ ಮಗಳು ಆನಾ ಫ್ರಾಯ್ಡ್ ಮತ್ತು ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ನರ್ಸರಿಗಳನ್ನು ನಡೆಸುತ್ತಿದ್ದರು. ಅಲ್ಲಿನ ಮಕ್ಕಳು ಬಾಂಬ್ ಆಟವನ್ನೇ ಆಡುತ್ತಿದ್ದರು. ಒಬ್ಬ ಹುಡುಗ, ನಾಲ್ಕು ವರ್ಷ. ಕಾಗದದ ಮನೆ ಮಾಡೋದು, ಮೇಲಿಂದ ಗೋಲಿ ಹಾಕಿ ಬೀಳಿಸೋದು. ಆದರೆ ಒಳಗಿದ್ದವರು ಪ್ರತಿ ಸಲವೂ ಬಚಾವ್. ಮನೆಯೂ ಮತ್ತೆ ಎದ್ದು ನಿಲ್ಲುತ್ತಿತ್ತು.

ಬೇರೆ ಮಕ್ಕಳು ಒಂದಷ್ಟು ಹೊತ್ತು ಆಡಿ ಬಿಡುತ್ತಿದ್ದರು. ಇವನು ಬಿಡುತ್ತಲೇ ಇರಲಿಲ್ಲ. ಯಾಕೆ ಗೊತ್ತಾ? ಅವನಪ್ಪ ಸತ್ತು ಹೋಗಿದ್ದರು, ತಾಯಿ ಆಸ್ಪತ್ರೆಯಲ್ಲಿದ್ದರು. ಹುಡುಗ ಅಪ್ಪ ಸತ್ತಿದ್ದನ್ನು ಒಪ್ಪಲು ತಯಾರಿರಲಿಲ್ಲ. ಸುಮಾರು ಅರ್ಧ ವರ್ಷದ ಮೇಲೆ, ಅಪ್ಪ ಇನ್ನು ಬರಲ್ಲ ಅಂತ ತಾನೇ ಬಾಯಿಬಿಟ್ಟು ಹೇಳಿದ. ಆಟ ನಿಂತುಹೋಯಿತು.

ಇದನ್ನು ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ವಿಡಿಯೋ ಉದ್ದ ಆದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕಿತ್ತು.

ನಿಜವಾದ ಟೆಸ್ಟ್‌ನಲ್ಲಿ ಮಗುವನ್ನು ಯಾರೋ ಹಿಡಿದುಕೊಳ್ತಾರೆ, ಇನ್ಯಾರೋ ಮೂಗಿಗೆ ಕಡ್ಡಿ ಹಾಕ್ತಾರೆ. ಆಟದಲ್ಲಿ ಕಡ್ಡಿ ಮಗುವಿನ ಕೈಯಲ್ಲೇ ಇರುತ್ತೆ. ಯಾರು ಪಾಸಿಟಿವ್, ಯಾರು ಮನೆಗೆ ಹೋಗಬಹುದು, ಎಲ್ಲ ಅದೇ ತೀರ್ಮಾನ ಮಾಡುತ್ತೆ. ಹಾಗಾಗಿ ಆಡಲಿ ಬಿಡಿ ಅಜ್ಜಿ! ನಾವು ಬೆಳಗಿಂದ ರಾತ್ರಿವರೆಗೆ ಟಿವಿ ಮುಂದೆ ಕೂತು ಕೇಸ್ ಎಣಿಸುತ್ತಿದ್ದೆವಲ್ಲ, ನಮಗೆ ಯಾರೂ ಬಿಡ್ತು ಅನ್ನಿಸಲಿಲ್ಲ.

ಆಟ ಒಂಚೂರೂ ಬದಲಾಗದೆ ತಿಂಗಳುಗಟ್ಟಲೆ ಅದೇ ನಡೀತಿದೆ, ಆಡಿದ ಮೇಲೆ ಮಗು ಇನ್ನೂ ಗಾಬರಿಯಾಗುತ್ತೆ ಅಂದ್ರೆ ಮಾತ್ರ ಪಕ್ಕದಲ್ಲಿ ಕೂರಿ. ಗೊಂಬೆಗೆ ಏನಾಯ್ತು ಅಂತ ಕೇಳಿ.

ಮಗುವೇ ಕೊರೊನಾ ಬಗ್ಗೆ ಕೇಳಿದರೆ ನಿಜವನ್ನೇ ಹೇಳಿ, ಚಿಕ್ಕದಾಗಿ. 2020ರ ಮಾರ್ಚ್ 16ರಂದು ನಾರ್ವೆ ಪ್ರಧಾನಿ ಎರ್ನಾ ಸೋಲ್‌ಬರ್ಗ್ ಮಕ್ಕಳಿಗೆಂದೇ ಪ್ರೆಸ್‌ಮೀಟ್ ಮಾಡಿದರು, ದೊಡ್ಡವರ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ. ಬರ್ತ್‌ಡೇ ಪಾರ್ಟಿ ಮಾಡಬಹುದಾ ಅಂತಲೂ ಮಕ್ಕಳು ಕೇಳಿದ್ದರು. ಹೆದರಿಕೆ ಆದರೆ ತಪ್ಪಿಲ್ಲ ಅಂತ ಅವರು ಹೇಳಿದರು. ಪ್ರಧಾನಿಗೇ ಪುರುಸೊತ್ತು ಸಿಕ್ಕಿತ್ತು, ನೋಡಿ.

ಟೈಮ್ ಜಾಸ್ತಿ ಆಯ್ತು, ಉಳಿದದ್ದು ಬೇಗ ಬೇಗ. ಸ್ನಾನ, ಊಟ, ಕಥೆ, ನಿದ್ದೆ ಒಂದೇ ಹೊತ್ತಿಗೆ, ಒಂದರ ಹಿಂದೆ ಒಂದು ನಡೀಲಿ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಮತ್ತೆ ಬಂದರೆ ಬೈಬೇಡಿ, ಬದಲಾವಣೆ ಬಂದಾಗ ಹಾಗಾಗುತ್ತೆ. “ನಾನು ಹಠ ಮಾಡಿದ್ದಕ್ಕೇ ಅಪ್ಪಂಗೆ ಜ್ವರ” ಅಂತ ಪುಟ್ಟ ಮಕ್ಕಳು ನಿಜವಾಗಲೂ ಅಂದುಕೊಳ್ತಾರೆ. ಅಲ್ಲ ಅಂತ ಬಿಡಿಸಿ ಹೇಳಿ. ವಿಡಿಯೋ ಕಾಲ್‌ನಲ್ಲಿ ಅಜ್ಜಿ “ಊಟ ಆಯ್ತಾ?” ಅಂತ ಮಾತ್ರ ಕೇಳಿದರೆ ಮಗು ಓಡಿಹೋಗುತ್ತೆ. ಆ ಕಡೆ ಅಜ್ಜಿ, ಈ ಕಡೆ ಮಗು ಬಟಾಣಿ ಸುಲಿಯಲಿ, ಅರ್ಧ ಗಂಟೆ ಕೂರುತ್ತೆ.

ನಾನು ಹೆಚ್ಚು ಯೋಚಿಸೋದು ಆಟವೇ ಬಿಟ್ಟು ಮೂಲೆ ಸೇರಿದ ಮಗುವಿನ ಬಗ್ಗೆ. ವಾರಗಟ್ಟಲೆ ಹಾಗೇ ಇದ್ದರೆ, ಊಟ ನಿದ್ದೆಯೂ ಕೆಟ್ಟರೆ, ಮಕ್ಕಳ ಡಾಕ್ಟರಿಗೆ ತೋರಿಸಿ.