ಈ ಹಡಗು ಯಾವ ಭಯಕ್ಕೆ ಹುಟ್ಟಿತು?

ಕೇಳುಗರಿಗೆ ನಮಸ್ಕಾರ.

ಯುದ್ಧನೌಕೆಗಳ ಬಗ್ಗೆ ಮಾತಾಡಲು ನಾನು ಎಲ್ಲಿಗೆ ಹೋದರೂ ಮೊದಲು ಬರುವ ಪ್ರಶ್ನೆ, "ಸಾರ್, ಎಲ್ಲಕ್ಕಿಂತ ದೊಡ್ಡದು ಯಾವುದು?" ಅದರ ಬೆನ್ನಿಗೇ, "ಎಲ್ಲಕ್ಕಿಂತ ಬಲವಾದದ್ದು ಯಾವುದು?" ಇವತ್ತಿನ ಮಟ್ಟಿಗೆ ಈ ಎರಡನ್ನೂ ದಯವಿಟ್ಟು ಪಕ್ಕಕ್ಕಿಡಿ. ಬದಲಿಗೆ ಒಂದೇ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಈ ಹಡಗು ಯಾವ ಭಯಕ್ಕೆ ಹುಟ್ಟಿತು? ಫ್ರಿಗೇಟ್, ಕ್ರೂಸರ್, ಡಿಸ್ಟ್ರಾಯರ್, ಕಾರ್ವೆಟ್ ಎಂದು ಬಾಯಿಪಾಠ ಮಾಡಿದರೆ ನಾಳೆ ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ. ಭಯ ಯಾವುದೆಂದು ಗೊತ್ತಾದರೆ ಹಡಗು ಯಾಕೆ ಹಾಗಿದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಗ್ರೀಕರ ಟ್ರೈರೀಮ್‌ನಿಂದ ಶುರು ಮಾಡೋಣ. ಸುಮಾರು 37 ಮೀಟರ್ ಉದ್ದದ, ಕಿರಿದಾದ ಮರದ ಹಡಗು. ಒಂದರ ಮೇಲೊಂದು ಮೂರು ಸಾಲಿನಲ್ಲಿ ಕೂತು ಹುಟ್ಟು ಹಾಕುವವರು 170 ಜನ. ಮುಂತುದಿಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಕಂಚಿನ ಕೊಂಬು. ಹಡಗೇ ಆಯುಧ. ಓಡಿ ಬಂದು ಎದುರಾಳಿಯ ಪಕ್ಕೆಗೆ ತಿವಿಯಬೇಕು, ಕೂಡಲೇ ಹಿಂದಕ್ಕೆ ಬರಬೇಕು. ಕ್ರಿ.ಪೂ. 480ರಲ್ಲಿ ಸಲಾಮಿಸ್‌ನ ಇಕ್ಕಟ್ಟಾದ ಜಲಸಂಧಿಯಲ್ಲಿ ಪರ್ಷಿಯದ ದೊಡ್ಡ ನೌಕಾಪಡೆ ಸೋತದ್ದು ಇಂಥ ಹಡಗುಗಳಿಂದ. ಆಗಿನ ಭಯ ಒಂದೇ, ಪಕ್ಕೆಗೆ ಬೀಳುವ ತಿವಿತ. ಆದ್ದರಿಂದ ಹಡಗು ಹಗುರವಾಗಿರಬೇಕು, ಚುರುಕಾಗಿ ತಿರುಗಬೇಕು. ಹುಟ್ಟಿನ ಹಡಗುಗಳ ಕೊನೆಯ ಮಹಾಯುದ್ಧ 1571ರಲ್ಲಿ, ಲೆಪಾಂಟೊದಲ್ಲಿ. ಎರಡು ಸಾವಿರ ವರ್ಷ ಬಾಳಿದ ಹಡಗದು!

ಆಮೇಲೆ ಫಿರಂಗಿ ಬಂತು. ಫಿರಂಗಿ ಭಾರ. ಮೇಲಿಟ್ಟರೆ ಹಡಗು ಮಗುಚುತ್ತದೆ. ಕೆಳಗಿಟ್ಟರೆ ಗುಂಡು ಹೋಗಲು ಪಕ್ಕೆಯಲ್ಲಿ ಕಿಂಡಿ ಕೊರೆಯಬೇಕು, ಆ ಕಿಂಡಿಯಿಂದ ನೀರು ನುಗ್ಗಬಹುದು. ಸ್ವೀಡನ್ನಿನ ವಾಸಾ ಎಂಬ ಹಡಗು 64 ಫಿರಂಗಿ ಹೊತ್ತು 1628ರಲ್ಲಿ ಸ್ಟಾಕ್‌ಹೋಮ್‌ನಿಂದ ಮೊದಲ ಸಲ ಹೊರಟಿತು. ಒಂದೂವರೆ ಕಿಲೋಮೀಟರ್ ಕೂಡ ಹೋಗಿರಲಿಲ್ಲ, ಗಾಳಿಗೆ ವಾಲಿತು, ತೆರೆದ ಕಿಂಡಿಗಳಿಂದ ನೀರು ನುಗ್ಗಿ ಅಲ್ಲೇ ಮುಳುಗಿತು. ಫಿರಂಗಿಯೆಲ್ಲ ಪಕ್ಕೆಯಲ್ಲಿರುವಾಗ ಹಡಗುಗಳು ಒಂದರ ಹಿಂದೊಂದು ಸಾಲುಗಟ್ಟಿ ಕಾದಾಡಬೇಕಾಯಿತು. ಹಾಗೆ ಸಾಲಿನಲ್ಲಿ ನಿಂತು ಏಟು ತಿನ್ನಬಲ್ಲ ದೊಡ್ಡ ಹಡಗು ಒಂದು ಜಾತಿ. ಶತ್ರು ಎಲ್ಲಿದ್ದಾನೆಂದು ನೋಡಿ ಬರುವ ವೇಗದ ಫ್ರಿಗೇಟ್ ಇನ್ನೊಂದು ಜಾತಿ. 1805ರ ಟ್ರಫಾಲ್ಗರ್‌ನಲ್ಲಿ ಬ್ರಿಟನ್ನಿನ ನೌಕಾಧಿಪತಿ ನೆಲ್ಸನ್ ಇದ್ದ ವಿಕ್ಟರಿ ಹಡಗಿನ ಮೇಲೆ 104 ಫಿರಂಗಿಗಳಿದ್ದವು.

ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರುತ್ತೇನೆ. ಸ್ವಲ್ಪ ಸಮಯ ಹಿಡಿಯುತ್ತದೆ, ಆದರೆ ಇದನ್ನು ಅವಸರದಲ್ಲಿ ಹೇಳಲು ನನಗೆ ಮನಸ್ಸು ಬರುವುದಿಲ್ಲ.

1862ನೇ ಇಸವಿ, ಮಾರ್ಚ್ 8. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದೆ. ಹ್ಯಾಂಪ್ಟನ್ ರೋಡ್ಸ್ ಎಂಬಲ್ಲಿ ಉತ್ತರದವರ ಮರದ ಹಡಗುಗಳು ಲಂಗರು ಹಾಕಿ ನಿಂತಿವೆ. ಆ ಹೊತ್ತಿಗೆ ಸಿಡಿಯುವ ಗುಂಡು ಬಂದಾಗಿತ್ತು. 1853ರಲ್ಲಿ ಸಿನೋಪ್ ಬಂದರಿನಲ್ಲಿ ರಷ್ಯನ್ನರು ಅಂಥ ಗುಂಡುಗಳಿಂದ ತುರ್ಕರ ಮರದ ಹಡಗುಗಳನ್ನು ಸುಟ್ಟುಹಾಕಿದ್ದರು. ಮರ ಇನ್ನು ಸಾಲದು ಎಂಬ ಭಯ ಎಲ್ಲ ನೌಕಾಪಡೆಗಳನ್ನೂ ಹೊಕ್ಕಿತ್ತು. ಫ್ರಾನ್ಸ್, ಬ್ರಿಟನ್ ಕಬ್ಬಿಣ ಹೊದ್ದ ಹಡಗುಗಳನ್ನು ಕಟ್ಟಿಯೂ ಇದ್ದವು. ಆದರೆ ಕಬ್ಬಿಣಕ್ಕೂ ಕಬ್ಬಿಣಕ್ಕೂ ಕಾಳಗ ಇನ್ನೂ ಆಗಿರಲಿಲ್ಲ.

ಅವತ್ತು ಮಧ್ಯಾಹ್ನ ದಕ್ಷಿಣದವರ ವರ್ಜೀನಿಯಾ ಬಂತು. ಅರ್ಧ ಸುಟ್ಟ ಹಳೆಯ ಹಡಗೊಂದನ್ನು ನೀರಿನಿಂದೆತ್ತಿ, ಮೇಲ್ಭಾಗ ಕತ್ತರಿಸಿ, ಮನೆಯ ಮಾಡಿನ ಹಾಗೆ ಇಳಿಜಾರಾದ ಕಬ್ಬಿಣದ ಗೋಡೆ ಕಟ್ಟಿದ್ದರು. ಗುಂಡು ಜಾರಿಹೋಗಲೆಂದು ಗೋಡೆಗೆ ಕೊಬ್ಬು ಸವರಿದ್ದರು. ಉತ್ತರದವರ ಗುಂಡುಗಳು ಬಡಿದು ಪುಟಿದು ಹೋದವು. ವರ್ಜೀನಿಯಾ ನೇರ ಬಂದು ಕಂಬರ್ಲೆಂಡ್ ಹಡಗಿಗೆ ತಿವಿಯಿತು. ಟ್ರೈರೀಮ್‌ನ ಕೊಂಬು ನೆನಪಿದೆಯಲ್ಲ? ಅದೇ ಕೊಂಬು, ಎರಡು ಸಾವಿರ ವರ್ಷದ ಮೇಲೆ! ಕಂಬರ್ಲೆಂಡ್ ಮುಳುಗಿತು. ಕಾಂಗ್ರೆಸ್ ಎಂಬ ಇನ್ನೊಂದು ಹಡಗು ಹೊತ್ತಿ ಉರಿಯಿತು. ಮಿನೆಸೋಟ ಎಂಬ ಮತ್ತೊಂದು ಹಡಗು ನೆಲ ಹತ್ತಿ ಕೂತಿತು. ಕತ್ತಲಾಯಿತೆಂದು ವರ್ಜೀನಿಯಾ ಹಿಂದಿರುಗಿತು, ಮಿನೆಸೋಟವನ್ನು ನಾಳೆ ಮುಗಿಸಿದರಾಯಿತು ಎಂದುಕೊಂಡು.

ಅದೇ ರಾತ್ರಿ, ಉರಿಯುತ್ತಿದ್ದ ಕಾಂಗ್ರೆಸ್‌ನ ಬೆಳಕಿನಲ್ಲಿ ಉತ್ತರದವರ ಕಬ್ಬಿಣದ ಹಡಗು ಮಾನಿಟರ್ ಬಂತು. ಸ್ವೀಡನ್ನಿನಲ್ಲಿ ಹುಟ್ಟಿದ ಜಾನ್ ಎರಿಕ್ಸನ್ ಅದನ್ನು ರೂಪಿಸಿದವನು. ಅಡಿಪಾಯ ಹಾಕಿ ನೂರು ದಿನವಾಗುವಷ್ಟರಲ್ಲಿ ಹಡಗು ನೀರಿಗಿಳಿದಿತ್ತು. ಡೆಕ್ ನೀರಿನಿಂದ ಒಂದೂವರೆ ಅಡಿ ಮಾತ್ರ ಮೇಲೆ. ಡೆಕ್ಕಿನ ಮೇಲೆ ಬೋರಲು ಹಾಕಿದ ಡಬ್ಬಿಯಂಥ ಕಬ್ಬಿಣದ ಗೋಪುರ, ಗೋಡೆ ಎಂಟು ಅಂಗುಲ ದಪ್ಪ. ಒಳಗೆ ಎರಡೇ ಎರಡು ಫಿರಂಗಿ. ವಿಶೇಷ ಏನೆಂದರೆ, ಆ ಗೋಪುರ ಉಗಿಯಂತ್ರದಿಂದ ತಿರುಗುತ್ತಿತ್ತು. ಗುರಿ ಹಿಡಿಯಲು ಇಡೀ ಹಡಗನ್ನು ತಿರುಗಿಸಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಇವೆರಡೂ ಸುಮಾರು ನಾಲ್ಕು ಗಂಟೆ ಕಾದಾಡಿದವು, ಕೆಲವೊಮ್ಮೆ ಮೈಗೆ ಮೈ ತಾಗುವಷ್ಟು ಹತ್ತಿರ. ಆ ಗೋಪುರದ ಒಳಗೆ ನಿಂತಿದ್ದೀರಿ ಎಂದುಕೊಳ್ಳಿ. ಹೊಗೆ, ಕತ್ತಲೆ, ಹೊರಗಿನಿಂದ ಗುಂಡು ಬಡಿದಾಗಲೆಲ್ಲ ಕಿವಿ ಗುಂಯ್‌ಗುಡುವ ಸದ್ದು. ಹಡಗಿನ ಮುಂದು ಯಾವ ಕಡೆ, ಹಿಂದು ಯಾವ ಕಡೆ ಎಂದು ತಿಳಿಯಲು ಗೋಪುರದ ಕೆಳಗೆ, ತಿರುಗದ ನೆಲದ ಮೇಲೆ ಬಿಳಿ ಗುರುತು ಹಾಕಿದ್ದರು. ಯುದ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಅದು ಅಳಿಸಿಹೋಯಿತು! ನಾಯಕ ವರ್ಡನ್ ಇದ್ದದ್ದು ಮುಂದಿನ ಪುಟ್ಟ ಕಾವಲು ಗೂಡಿನಲ್ಲಿ. ಅಲ್ಲಿಂದ ಗೋಪುರಕ್ಕೆ ಮಾತು ಹೋಗಲು ಇದ್ದ ಕೊಳವೆಯೂ ಮುರಿಯಿತು. ಆಮೇಲೆ ನಾಯಕನ ಅಪ್ಪಣೆಗಳನ್ನು ಹೊತ್ತು ಓಡಾಡಿದವರು ಸಂಬಳ ಬಟವಾಡೆಯ ಅಧಿಕಾರಿ ಮತ್ತು ಒಬ್ಬ ಗುಮಾಸ್ತ. ಇಬ್ಬರೂ ನಾವಿಕರಲ್ಲ. ಫಿರಂಗಿಯ ಪರಿಭಾಷೆ ಅವರ ಬಾಯಲ್ಲಿ ಏನೇನೋ ಆಗಿ ತಲುಪುತ್ತಿತ್ತು. ಗೋಪುರ ತಿರುಗಲು ಶುರುವಾದರೆ ಬೇಕೆಂದಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ತಿರುಗುತ್ತಿರುವಾಗಲೇ, ಎದುರಾಳಿ ಕಿಂಡಿಯ ಮುಂದೆ ಹಾದ ಕ್ಷಣ ನೋಡಿ ಗುಂಡು ಹಾರಿಸುತ್ತಿದ್ದರು. ಕೊನೆಗೆ ಕಾವಲು ಗೂಡಿಗೆ ಗುಂಡು ಬಡಿದು ವರ್ಡನ್‌ನ ಕಣ್ಣಿಗೆ ಪೆಟ್ಟಾಯಿತು, ಹಡಗುಗಳು ದೂರ ಸರಿದವು. ಯಾರೂ ಗೆಲ್ಲಲಿಲ್ಲ. ಮಾನಿಟರ್ ಅದೇ ವರ್ಷದ ಕೊನೆಯ ದಿನ ಬಿರುಗಾಳಿಗೆ ಮುಳುಗಿತು. ಆ ಗೋಪುರವನ್ನು 2002ರಲ್ಲಿ ಸಮುದ್ರದ ತಳದಿಂದ ಎತ್ತಿದರು.

ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದು ಆ ಗೋಪುರಕ್ಕಾಗಿ. ಪಕ್ಕೆಯ ತುಂಬ ಸಾಲು ಫಿರಂಗಿ ಇಡುವ ಕಾಲ ಅಲ್ಲಿಂದ ಮುಗಿಯುತ್ತ ಬಂತು. 1906ರ ಬ್ರಿಟನ್ನಿನ ಡ್ರೆಡ್‌ನಾಟ್ ಮೇಲೆ ಗೋಪುರಗಳಲ್ಲಿ ಹನ್ನೆರಡು ಅಂಗುಲದ ಹತ್ತು ಫಿರಂಗಿ, ಒಳಗೆ ಉಗಿ ಟರ್ಬೈನು. ಬ್ಯಾಟಲ್‌ಶಿಪ್ ಎಂದರೆ ದಪ್ಪ ರಕ್ಷಾಕವಚದ, ಭಾರಿ ಫಿರಂಗಿಯ ಇಂಥ ಹಡಗು. ಬೂದು ಬಣ್ಣದ ಪ್ರತಿಯೊಂದು ಹಡಗಿನ ಚಿತ್ರದ ಕೆಳಗೂ ಬ್ಯಾಟಲ್‌ಶಿಪ್ ಎಂದು ಬರೆಯುವುದನ್ನು ದಯವಿಟ್ಟು ಬಿಡಬೇಕು. ಆ ಜಾತಿಯಲ್ಲಿ ಕೊನೆಯದಾಗಿ ಸೇವೆಯಲ್ಲಿದ್ದ ಅಮೆರಿಕದ ಮಿಸೂರಿ ಕೂಡ 1992ರಲ್ಲಿ ನಿವೃತ್ತವಾಯಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1866ರಲ್ಲಿ ರಾಬರ್ಟ್ ವೈಟ್‌ಹೆಡ್ ತಾನಾಗಿ ನೀರಿನಡಿ ಓಡುವ ಟಾರ್ಪಿಡೊ ಮಾಡಿದ. ಅದನ್ನು ಹೊತ್ತ ಪುಟ್ಟ ದೋಣಿ ದೈತ್ಯ ಹಡಗನ್ನು ಮುಳುಗಿಸಬಹುದು. ದೊಡ್ಡವರಿಗೆ ಚಿಕ್ಕವರ ಭಯ! ಹಡಗುಗಳು ಸುತ್ತ ಉಕ್ಕಿನ ಬಲೆ ಇಳಿಬಿಟ್ಟುಕೊಂಡವು. ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಲು ಹುಟ್ಟಿದ್ದೇ ಡಿಸ್ಟ್ರಾಯರ್. ಪೂರ್ತಿ ಹೆಸರು ಟಾರ್ಪಿಡೊ ಬೋಟ್ ಡಿಸ್ಟ್ರಾಯರ್. ಭಯ ಹೆಸರಿನಲ್ಲೇ ಇತ್ತು, ಮುಂದೆ ಹೆಸರು ಮೊಟಕಾಯಿತು. ಜಲಾಂತರ್ಗಾಮಿ ಬಂದ ಮೇಲೆ ಅದನ್ನು ಹುಡುಕುವ ಕೆಲಸವೂ ಡಿಸ್ಟ್ರಾಯರ್ ತಲೆಗೇ ಬಂತು. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಯು-9 ಎಂಬ ಜಲಾಂತರ್ಗಾಮಿ ಒಂದೇ ಬೆಳಿಗ್ಗೆ ಬ್ರಿಟನ್ನಿನ ಮೂರು ಕ್ರೂಸರ್‌ಗಳನ್ನು ಮುಳುಗಿಸಿತು. ಸತ್ತವರು 1400ಕ್ಕೂ ಹೆಚ್ಚು. ಮೊದಲನೆಯದರ ಜನರನ್ನು ಎತ್ತಿಕೊಳ್ಳಲು ನಿಂತ ಹಡಗುಗಳೇ ಮುಂದಿನ ಗುರಿಯಾದವು.

ಆಮೇಲೆ ಭಯ ಆಕಾಶದಿಂದ ಬಂತು. 1942ರ ಕೋರಲ್ ಸಮುದ್ರದ ಯುದ್ಧದಲ್ಲಿ ಎರಡೂ ಕಡೆಯ ಹಡಗುಗಳು ಒಂದನ್ನೊಂದು ನೋಡಲೇ ಇಲ್ಲ, ವಿಮಾನವಾಹಕ ನೌಕೆಗಳಿಂದ ಎದ್ದ ವಿಮಾನಗಳೇ ಹೋರಾಡಿದವು. ದೊಡ್ಡದು ಯಾವುದು ಎಂದು ಕೇಳುವವರಿಗೆ ಜಪಾನಿನ ಯಮಾಟೊ ಹೇಳುತ್ತೇನೆ. 46 ಸೆಂಟಿಮೀಟರ್ ಬಾಯಿಯ ಫಿರಂಗಿ, ಬ್ಯಾಟಲ್‌ಶಿಪ್‌ಗಳಲ್ಲಿ ಅದಕ್ಕಿಂತ ದೊಡ್ಡದು ಯಾರ ಬಳಿಯೂ ಇರಲಿಲ್ಲ. 1945ರ ಏಪ್ರಿಲ್ 7ರಂದು ಅದನ್ನು ವಿಮಾನಗಳು ಮುಳುಗಿಸಿದವು.

1967ರಲ್ಲಿ ಈಜಿಪ್ಟಿನ ಪುಟ್ಟ ದೋಣಿಗಳು ಕ್ಷಿಪಣಿ ಹಾರಿಸಿ ಇಸ್ರೇಲಿನ ಐಲತ್ ಎಂಬ ಡಿಸ್ಟ್ರಾಯರನ್ನು ಮುಳುಗಿಸಿದವು. ಮತ್ತೆ ದೊಡ್ಡವರಿಗೆ ಚಿಕ್ಕವರ ಭಯ. ಇಂದಿನ ಡಿಸ್ಟ್ರಾಯರ್ ಚಿತ್ರ ಸಿಕ್ಕರೆ ಗಮನವಿಟ್ಟು ನೋಡಿ. ಮುಂದೆ ಒಂದೇ ಫಿರಂಗಿ, ಹಿಂದಿನವರ ಹಾಗೆ ದಪ್ಪ ಕವಚವಿಲ್ಲ. ಡೆಕ್ಕಿನಲ್ಲಿ ಚೌಕ ಚೌಕ ಮುಚ್ಚಳಗಳಿವೆ, ಅವುಗಳ ಕೆಳಗೆ ಕ್ಷಿಪಣಿಗಳು ನೆಟ್ಟಗೆ ನಿಂತಿರುತ್ತವೆ. ರಾಡಾರಿಗೆ ಕಾಣದಿರಲೆಂದು ಗೋಡೆಗಳು ವಾಲಿವೆ.

ಈಗ ಕಪ್ಪು ಸಮುದ್ರದಲ್ಲಿ ಉಕ್ರೇನಿನ ದೋಣಿಗಳು, ಒಳಗೆ ಒಬ್ಬ ಮನುಷ್ಯನೂ ಇಲ್ಲದೆ, ರಷ್ಯಾದ ಯುದ್ಧನೌಕೆಗಳನ್ನು ಹೊಡೆದಿವೆ. ಅವುಗಳನ್ನೇ ಬೇಟೆಯಾಡಲೆಂದು ಹೊಸದೊಂದು ಹಡಗಿನ ಜಾತಿ ಇನ್ನೂ ಹುಟ್ಟಿಲ್ಲ. ಸದ್ಯಕ್ಕೆ ರಷ್ಯನ್ನರು ಬಂದರಿನ ಬಾಯಿಗೆ ತೇಲುವ ತಡೆಬೇಲಿ ಕಟ್ಟಿದ್ದಾರೆ, ಟಾರ್ಪಿಡೊಗೆ ಹೆದರಿ ಬಲೆ ಇಳಿಬಿಟ್ಟಿದ್ದರಲ್ಲ, ಹಾಗೆಯೇ.

ನಮಸ್ಕಾರ.