ಬಾಟಲಿ ಬಿಡ್ರಿ, ಮೊದಲು ಕ್ಯಾನ್ ನೀರು ನೋಡ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಮೊನ್ನೆ ಇಲ್ಲೇ ಕಲಬುರಗಿ ಹುಡುಗ ಒಬ್ಬ ತನ್ನ ರೀಫ್ ಟ್ಯಾಂಕ್ (ಹವಳ ಅಂದ್ರ ಕೋರಲ್ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಫೋಟೋ ಕಳಿಸಿದ್ದ, ಕಲ್ಲಿನ ಮ್ಯಾಲ ಹಸರು ಕೂದಲು ಬೆಳದಂಗ ಪಾಚಿ, ಕೋರಲ್ ಎಲ್ಲಿ ಅದ ಅಂತ ಹುಡುಕಬೇಕು. ಕೇಳಿದ್ದು ಒಂದೇ ಮಾತು, ಅಣ್ಣಾ ಪಾಚಿ ಸಾಯಿಸ್ಲಾಕ ಯಾವ ಬಾಟಲಿ ಔಷಧ ಹಾಕ್ಲಿ? ನಾ ಅಂದೆ, ಬಾಟಲಿ ಆಮ್ಯಾಲ, ಟ್ಯಾಂಕಿಗೆ ಹಾಕೋ ನೀರು ಎಲ್ಲಿಂದ ತರ್ತಿ? 20 ಲೀಟರ್ ಕ್ಯಾನ್ ಅಂದ. ಸಿಕ್ತಲ್ಲ!

ನಾನೂ ಮೊದಲನೇ ವರ್ಷ ಅದೇ ಮಾಡೀನಿ. ಆರ್‌ಓ ನೀರು ಅಂದ್ರ ಶುದ್ಧ ಅಂತ ತಿಳಕೊಂಡಿದ್ದೆ, ಮೀಟರ್ ಇಟ್ಟು ನೋಡಿದ್ರ ಟಿಡಿಎಸ್ (ನೀರಿನಾಗ ಕರಗಿದ ಉಪ್ಪು-ಖನಿಜದ ಲೆಕ್ಕ) 70. ಮನುಷ್ಯಾರಿಗಿ ಛಲೋ ನೀರು ಅದು, ರೀಫ್‌ಗೆ ಬೇಕಾಗಿದ್ದು ಸೊನ್ನೆ.

ಇಲ್ಲಿ ಒಂದು ಲೆಕ್ಕ ಕೇಳ್ರಿ. ನಮ್ ಕಡಿ ಮೇ ತಿಂಗಳ ಬಿಸಲು ಏನು ಹೇಳೂದು, ಹೊರಗ 42 ದಾಟಿರ್ತದ, ಟ್ಯಾಂಕ್ 26ರ ಹತ್ರ ಇರಬೇಕಂತ ಮ್ಯಾಲ ಫ್ಯಾನ್ ಹಚ್ತೀವಿ, ಫ್ಯಾನ್ ಹಚ್ಚಿದ್ರ ನೀರು ಆವಿ ಆಗ್ತದ, ನನ್ 200 ಲೀಟರ್ ಟ್ಯಾಂಕಿನಾಗ ದಿನಕ್ಕ 4 ಲೀಟರ್ ಹೋಗ್ತದ. ಹೋಗೂದು ಬರೇ ನೀರು, ಅದರಾಗಿನ ನೈಟ್ರೇಟ್, ಅಂದ್ರ ಪಾಚಿ ಊಟ, ಒಳಗೇ ಉಳೀತದ, ಮತ್ತ ನಾವು ಮ್ಯಾಲಿಂದ ಹೊಸಾದು ಸುರೀತೀವಿ. ಕುಡಿಯೋ ನೀರಿನಾಗ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ತನಕ ನಡೀತದ ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಅದ. ಯಾರಾದ್ರೂ ಅಂಥಾ ಬೋರ್ ನೀರು ಸೀದಾ ಹಾಕಿದ್ರ ದಿನಕ್ಕ 180 ಮಿಲಿಗ್ರಾಂ, ತಿಂಗಳಿಗೆ ಟ್ಯಾಂಕಿನಾಗ 27 ಪಿಪಿಎಂ (ಲೀಟರಿಗೆ 27 ಮಿಲಿಗ್ರಾಂ) ಏರ್ತದ! ಆರ್‌ಓ ಮಾಡಿದ್ರ ಭಾಳಷ್ಟು ಕಡಿಮಿ ಆಗ್ತದ ಖರೇ, ಪೂರಾ ಹೋಗಂಗಿಲ್ಲ, ಸಿಲಿಕೇಟೂ ಸ್ವಲ್ಪ ದಾಟಿ ಬರ್ತದ, ಕಂದು ಡಯಾಟಮ್ ಪಾಚಿಗೆ ಅದೇ ಊಟ. ಅದಕ್ಕ ಆರ್‌ಓ ಆದ ಮ್ಯಾಲ ಡಿಐ ರೆಸಿನ್ (ಉಳಿದ ಖನಿಜ ಹಿಡಿಯೋ ಫಿಲ್ಟರ್ ಕಾಳು) ಬೇಕೇ ಬೇಕು.

ತೊಗರಿ ಹೊಲಕ್ಕ ಡಿಎಪಿ ಯಾಕ ಹಾಕ್ತಾರ್ರಿ? ಸಾರಜನಕ, ರಂಜಕ ಸಿಗಲಿ ಅಂತ. ಪಾಚಿಗೂ ಬೇಕಾಗಿದ್ದು ಅದೇ. ಮೀನಿಗೆ ಪ್ರೀತಿಲೆ ಎರಡೆರಡು ಕ್ಯೂಬ್ ಫ್ರೋಜನ್ ಮೈಸಿಸ್ (ಸಣ್ಣ ಸಿಗಡಿಯಂಥ ಜೀವಿ) ಕೊಡೋರು ಗೊಬ್ಬರಾನೇ ಹಾಕ್ಲಾಕತ್ತಾರ.

ಆದ್ರ ಸಿಟ್ಟಿಗೆದ್ದು ಜಿಎಫ್‌ಓ (ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್ ಕಾಳು) ಸುರಿದು ಫಾಸ್ಫೇಟ್ ಸೊನ್ನೆ ಮಾಡೋರ ಮ್ಯಾಲ ನನಗ ಇನ್ನೂ ಸಿಟ್ಟು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಆದ್ರ ಡೈನೋಫ್ಲಾಜೆಲೇಟ್ ಅನ್ನೋ ಒಂದೇ ಕೋಶದ ಜೀವಿ ಬರೋ ಛಾನ್ಸ್ ಜಾಸ್ತಿ, ಕಂದು ಲೋಳಿ, ಅದರಾಗ ಗಾಳಿ ಗುಳ್ಳಿ, ತಿಂದ ಶಂಖದ ಹುಳಾನೂ ಸಾಯಬಹುದು. ಆ ಕಾಟಕ್ಕಿಂತ ಕೂದಲು ಪಾಚೀನೇ ವಾಸಿ ಅಂತೀನಿ ನಾ. ಕೋರಲ್‌ಗೂ ಸ್ವಲ್ಪ ಊಟ ಬೇಕಲ್ರಿ. ನಾ ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂ ಆಜೂಬಾಜೂ ಇಡ್ತೀನಿ, ಅಷ್ಟೇ.

ಕೆಂಪು ಲೋಳಿ ಹಾಸಿಗಿ ಬಂದ್ರ ಅದು ಪಾಚೀನೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದಕ್ಕ ಎರಿಥ್ರೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಗುಳಿಗಿ ಹಾಕೋರು ಅದಾರ, ನನಗ ಒಪ್ಪಿಗಿ ಇಲ್ಲ, ಮನುಷ್ಯಾರ ಔಷಧ ಮೋರಿಗೆ ಬಿಟ್ಟಂಗಾಗ್ತದ. ಪೈಪಿನಿಂದ ಎಳದು ತೆಗೀರಿ, ವೇವ್‌ಮೇಕರ್ (ನೀರು ಓಡಾಡಸೋ ಪಂಪ್) ಆ ಕಡಿ ತಿರುಗಸ್ರಿ.

ಆ ಹುಡುಗಗ ನಾ ಹೇಳಿದ್ದು ಇಷ್ಟು: ಹಳೇ ಟೂತ್‌ಬ್ರಷ್ ತಗೊಂಡು ಕಲ್ಲು ತಿಕ್ಕು, ಎಳದ ಪಾಚಿ ಹೊರಗ ಒಗಿ, ಸಂಪ್‌ನಾಗ (ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿ) ಒಂದು ಮುಷ್ಟಿ ಕೀಟೋ (ಕೀಟೋಮಾರ್ಫಾ ಅನ್ನೋ ಸಾಕೋ ಪಾಚಿ) ಇಟ್ಟು ಮ್ಯಾಲ ಲೈಟ್ ಹಾಕು, ಅದು ಬೆಳೆದು ಗೊಬ್ಬರ ತಿಂತದ, ವಾರಕ್ಕೊಮ್ಮಿ ಕತ್ತರಿಸಿ ಒಗಿ. ಪಾಚಿ ತಿನ್ನೋ ಟರ್ಬೋ ಶಂಖದ ಹುಳ ಎರಡು ಸಾಕು, ಹತ್ತು ತಂದ್ರ ಪಾಚಿ ಮುಗಿದ ಮ್ಯಾಲ ಹಸಿವಿಗೆ ಸಾಯ್ತಾವ, ಸತ್ತು ಕೊಳತು ಅವೂ ಗೊಬ್ಬರಾನೇ ಆಗ್ತಾವ. ನನ್ ಟ್ಯಾಂಕ್ ಸುಧಾರಸ್ಲಾಕ ಹತ್ತು ವಾರ ಹಿಡೀತು. ಓವರ್‌ಫ್ಲೋ (ನೀರು ಸಂಪ್‌ಗೆ ಇಳಿಯೋ ಜಾಗ) ಮೂಲ್ಯಾಗ ಈಗೂ ಒಂದಿಷ್ಟು ಅದ, ಟ್ಯಾಂಗ್ ಮೀನು ಬಂದು ಕಚ್ಕೋತ ಇರ್ತದ, ಇರ್ಲಿ ಬಿಡ್ರಿ.